ಆಟಿ ಮಳೆಯಲ್ಲಿ ಡ್ರೈ ಸ್ಕಿನ್ನಂತೆ!

ಪ್ರತಿ ವರ್ಷ ಜೂನ್ ಮುಗಿಯುವ ಹೊತ್ತಿಗೆ ನನ್ನ ವಾಟ್ಸಾಪ್‌ಗೆ ಒಂದೇ ಥರದ ಫೋಟೋಗಳು ಬರಲು ಶುರುವಾಗುತ್ತವೆ. ಒಂದು ಗಿನಿಪಿಗ್, ಅದರ ಬೆನ್ನಿನ ಕೂದಲು ಬಿಡಿಸಿ ಹಿಡಿದ ಎರಡು ಬೆರಳು, ನಡುವೆ ಬಿಳಿ ಬಿಳಿ ಹೊಟ್ಟು. ಕೆಳಗೆ ಪ್ರಶ್ನೆ: "ಡ್ರೈ ಸ್ಕಿನ್ ಆಗಿದೆ, ಯಾವ ಎಣ್ಣೆ ಹಾಕ್ಬಹುದು?" ಕಳಿಸುವವರು ಪುತ್ತೂರಿನವರು, ಸುಳ್ಯದವರು, ಕಡಬದವರು. ಇಲ್ಲವೇ ಬೆಂಗಳೂರಲ್ಲಿ ಕೂತು, ಊರಿಂದ ಅಮ್ಮ ಕಳಿಸಿದ ಫೋಟೋವನ್ನು ನನಗೆ ಫಾರ್ವರ್ಡ್ ಮಾಡುವ ನನ್ನಂಥದ್ದೇ ಇಂಜಿನಿಯರುಗಳು. ಎರಡು ಗಿನಿಪಿಗ್ ಸಾಕಿದ್ದೇನೆ ಅಂತ ಎಲ್ಲೋ ಬಾಯಿಬಿಟ್ಟ ತಪ್ಪಿಗೆ ನಾನು ಈ ವಿಷಯದಲ್ಲಿ ಪಂಡಿತ ಅಂತ ಆಗಿಬಿಟ್ಟಿದೆ. ಪಂಡಿತ ಅಲ್ಲ. ಆದರೆ ಓದಲು ಬರುತ್ತದೆ, ಮತ್ತೆ ನಮ್ಮೂರಿನ ಮಳೆ ಗೊತ್ತುಂಟು.

ಆ ಮಳೆಯಿಂದಲೇ ಶುರುಮಾಡುತ್ತೇನೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಆ ನಾಲ್ಕು ತಿಂಗಳಲ್ಲಿ ಕಪಾಟಿನಲ್ಲಿಟ್ಟ ಬೆಲ್ಟಿಗೆ ಬೂಸರು ಬರುತ್ತದೆ. ಕಳೆದ ವರ್ಷದ ಬ್ಯಾಗಿಗೆ ಬರುತ್ತದೆ. ಉಪ್ಪು ನೀರಾಗುತ್ತದೆ. ಹಪ್ಪಳ ಡಬ್ಬದಿಂದ ತೆಗೆದ ಎರಡು ನಿಮಿಷಕ್ಕೆ ಮೆತ್ತಗೆ. ಒಗೆದ ಅಂಗಿ ಒಣಗಬೇಕಾದರೆ ಬಚ್ಚಲಿನ ಹಂಡೆ ಒಲೆಯ ಮೇಲೆ ಕಟ್ಟಿದ ಹಗ್ಗವೇ ಗತಿ, ಆಮೇಲೆ ಆ ಅಂಗಿ ಹಾಕಿಕೊಂಡು ಹೋದಲ್ಲೆಲ್ಲ ಅಡಿಕೆ ಸಿಪ್ಪೆಯ ಹೊಗೆ ವಾಸನೆ. ಇಂಥ ಊರಲ್ಲಿ, ಇಂಥ ತಿಂಗಳಲ್ಲಿ, ಒಂದು ಪ್ರಾಣಿಯ ಚರ್ಮ ಮಾತ್ರ "ಡ್ರೈ" ಆಯಿತಂತೆ! ಅದು ಹೇಗೆ ಮಾರಾಯ್ರೆ? ಗಾಳಿಯಲ್ಲೇ ನೀರು ತೊಟ್ಟಿಕ್ಕುವಾಗ ಚರ್ಮ ಒಣಗಿಸಿದ್ದು ಯಾರು?

ಯಾರೂ ಒಣಗಿಸಿಲ್ಲ. ಅದು ಡ್ರೈ ಸ್ಕಿನ್ ಅಲ್ಲ. ಮಳೆಗಾಲದ ಪುತ್ತೂರು, ಸುಳ್ಯ, ಕಡಬದಲ್ಲಿ ಗಿನಿಪಿಗ್ಗಿನ ಮೈಯಿಂದ ಹೊಟ್ಟು ಉದುರುತ್ತಿದ್ದರೆ ಹತ್ತಕ್ಕೆ ಒಂಬತ್ತು ಪಾಲು ಅದು ನುಸಿ, ಇಲ್ಲವೇ ಫಂಗಸ್, ಇಲ್ಲವೇ ತಿನ್ನುವುದರಲ್ಲಿ ವಿಟಮಿನ್ ಸಿ ಇಲ್ಲ. ಹತ್ತಕ್ಕೆ ಒಂಬತ್ತು ಎನ್ನುವುದು ಅಂಕಿಅಂಶ ಅಲ್ಲ, ನನ್ನ ಹಟ. ಈ ಮೂರರಲ್ಲಿ ಒಂದಕ್ಕೂ ತೆಂಗಿನೆಣ್ಣೆ ಮದ್ದಲ್ಲ.

"ಡ್ರೈ ಸ್ಕಿನ್" ಎಂಬ ಮಾತು ನಮ್ಮಲ್ಲಿಗೆ ಎಲ್ಲಿಂದ ಬಂತು ಅಂತ ಸ್ವಲ್ಪ ನೋಡಿ. ಗಿನಿಪಿಗ್ ಬಗ್ಗೆ ಯೂಟ್ಯೂಬ್‌ನಲ್ಲಿ, ರೀಲ್ಸ್‌ನಲ್ಲಿ ಸಿಗುವುದರಲ್ಲಿ ಮುಕ್ಕಾಲು ಇಂಗ್ಲೆಂಡ್, ಅಮೆರಿಕದ ಮನೆಗಳಲ್ಲಿ ಮಾಡಿದ್ದು. ಅಲ್ಲಿ ಡಿಸೆಂಬರ್ ಬಂತೆಂದರೆ ಕಿಟಕಿ ಮುಚ್ಚಿ ಹೀಟರ್ ಹಾಕುತ್ತಾರೆ. ಮನೆಯೊಳಗಿನ ಗಾಳಿ ಬಿಸ್ಕೆಟ್ಟಿನ ಹಾಗೆ ಒಣಗಿರುತ್ತದೆ. ಅಲ್ಲಿ ಮನುಷ್ಯರ ತುಟಿಯೂ ಒಡೆಯುತ್ತದೆ, ಗಿನಿಪಿಗ್ಗಿನ ಚರ್ಮವೂ ಒಣಗುತ್ತದೆ. ಅವರ ಸಲಹೆ ಅವರ ಮನೆಗೆ ಸರಿ ಇರಬಹುದು. ಅದನ್ನು ಇಲ್ಲಿ ಅರಂತೋಡಿನಲ್ಲೋ ಬಿಳಿನೆಲೆಯಲ್ಲೋ ಕೂತು ಪಾಲಿಸಿದರೆ, ರಾಜಸ್ಥಾನದವರು ಹೇಳಿದರು ಅಂತ ಆಟಿ ತಿಂಗಳಲ್ಲಿ ತೋಟಕ್ಕೆ ಸ್ಪ್ರಿಂಕ್ಲರ್ ಬಿಟ್ಟಂತೆ.

ಇನ್ನೊಂದು ಕಾರಣವೂ ಇದೆ, ಅದು ನನಗೆ ಹೆಚ್ಚು ಸಿಟ್ಟು ಬರಿಸುವುದು. "ಕಜ್ಜಿ" ಎಂದರೆ ಡಾಕ್ಟರ ಹತ್ತಿರ ಹೋಗಬೇಕು. "ಡ್ರೈ ಸ್ಕಿನ್" ಎಂದರೆ ಆರ್ಡರ್ ಮಾಡಿದರೆ ಸಾಕು. ಕಾಯಿಲೆಗೆ ಕಾಸ್ಮೆಟಿಕ್ ಹೆಸರಿಟ್ಟ ಕೂಡಲೇ ಅದಕ್ಕೆ ಶಾಂಪೂ ಇದೆ, ಸ್ಪ್ರೇ ಇದೆ, ಅಲೋವೆರಾ ಜೆಲ್ ಇದೆ, ನಾಳೆ ಬೆಳಿಗ್ಗೆ ಡೆಲಿವರಿ ಇದೆ. ನಮಗೂ ಅದೇ ಬೇಕು. ಶನಿವಾರ ಮೂರು ತಾಸು ಕ್ಲಿನಿಕ್ಕಿನಲ್ಲಿ ಕಾಯುವುದಕ್ಕಿಂತ ಕಾರ್ಟಿಗೆ ಹಾಕುವುದು ಸುಲಭ.

ಈಗ ಎಣ್ಣೆ ಏನು ಮಾಡುತ್ತದೆ ನೋಡಿ. ಸತ್ತ ಚರ್ಮದ ಪದರಗಳ ನಡುವೆ ಗಾಳಿ ಸೇರಿಕೊಂಡಿರುವುದರಿಂದ ಹೊಟ್ಟು ಬೆಳ್ಳಗೆ ಕಾಣುತ್ತದೆ. ಎಣ್ಣೆ ಹಚ್ಚಿದರೆ ಆ ಸಂದುಗಳಲ್ಲಿ ಎಣ್ಣೆ ತುಂಬಿಕೊಂಡು ಹೊಟ್ಟು ಪಾರದರ್ಶಕವಾಗುತ್ತದೆ, ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಕಣ್ಣಿಗೆ ಕಾಣುವುದು ನಿಲ್ಲುತ್ತದೆ. ತಲೆಹೊಟ್ಟಿಗೆ ಎಣ್ಣೆ ಹಾಕಿದ ದಿನ ಹೊಟ್ಟು ಮಾಯವಾಗಿ ಮೂರನೇ ದಿನ ಮತ್ತೆ ಭುಜದ ಮೇಲೆ ಬೀಳುವುದು ನಮಗೆಲ್ಲ ಗೊತ್ತಿರುವುದೇ. ಫೋಟೋ ಚೆನ್ನಾಗಿ ಬರುತ್ತದೆ, "ಈಗ ಪರವಾಗಿಲ್ಲ" ಅಂತ ಮೆಸೇಜ್ ಬರುತ್ತದೆ, ನುಸಿ ಒಳಗೆ ತನ್ನ ಪಾಡಿಗೆ ಮೊಟ್ಟೆ ಇಡುತ್ತಿರುತ್ತದೆ. ಆಫೀಸಿನಲ್ಲಿ ಜೂನಿಯರ್ ಹುಡುಗ ಎರರ್ ಬರುತ್ತಿದೆ ಅಂತ ಸುತ್ತ ಒಂದು ಖಾಲಿ ಟ್ರೈ-ಕ್ಯಾಚ್ ಬರೆದು ಲಾಗ್ ಬರದ ಹಾಗೆ ಮಾಡಿದರೆ ಕೋಡ್ ರಿವ್ಯೂನಲ್ಲಿ ನಾವೇ ಎಷ್ಟು ಕೂಗಾಡುತ್ತೇವೆ! ಮನೆಗೆ ಬಂದು ಅದನ್ನೇ ಒಂದು ಜೀವದ ಮೇಲೆ ಮಾಡುತ್ತೇವೆ. ಮೇಲಿಂದ ಎಣ್ಣೆಯ ಕೂದಲಿಗೆ ಧೂಳು ಹಿಡಿಯುತ್ತದೆ, ಪ್ರಾಣಿ ಅದನ್ನು ನೆಕ್ಕುತ್ತದೆ, ಹೊಟ್ಟೆ ಕೆಡುತ್ತದೆ. ಆಗ ಇನ್ನೊಂದು ಫೋಟೋ, ಈ ಸಲ ಹಿಕ್ಕೆಯದ್ದು.

ನುಸಿ ಎಂಬ ಮಾತು ನಮ್ಮ ಕಡೆಯವರಿಗೆ ಹೊಸದಲ್ಲ. ತೊಂಬತ್ತರ ದಶಕದ ಕೊನೆಗೆ ಕೇರಳದಿಂದ ಹಬ್ಬಿ ಬಂದು ತೆಂಗಿನಕಾಯಿಗಳನ್ನೆಲ್ಲ ಕಂದು ಗೀರು ಬಿದ್ದ ಸಣ್ಣ ಕಾಯಿ ಮಾಡಿಟ್ಟದ್ದು ನುಸಿಯೇ. ನುಸಿ ಹಿಡಿದ ತೆಂಗಿನ ಎಣ್ಣೆಯನ್ನು ನುಸಿ ಹಿಡಿದ ಪ್ರಾಣಿಗೆ ಹಚ್ಚುವುದು! ಹೋಗಲಿ, ಅದು ತಮಾಷೆಗೆ. ಗಿನಿಪಿಗ್ಗಿನ ನುಸಿಯ ಹೆಸರು ಟ್ರಿಕ್ಸಾಕಾರಸ್ ಕೇವಿಯೆ. ಮನುಷ್ಯರಿಗೆ ಕಜ್ಜಿ ತರುವ ನುಸಿಯ ಕುಟುಂಬದ್ದೇ. ಕಣ್ಣಿಗೆ ಕಾಣುವುದಿಲ್ಲ. ಚರ್ಮದ ಒಳಗೆ ಬಿಲ ತೋಡುತ್ತದೆ. ಬೆನ್ನು, ತೊಡೆ, ಭುಜದ ಮೇಲೆ ಮೊದಲು ಹೊಟ್ಟು, ಆಮೇಲೆ ಕೂದಲು ಹೋಗಿ ಚರ್ಮ ದಪ್ಪಗಾಗಿ ಸುಕ್ಕುಗಟ್ಟುತ್ತದೆ. ತುರಿಕೆ ಯಾವ ಮಟ್ಟದ್ದೆಂದರೆ ಪ್ರಾಣಿ ಕೆರೆದುಕೊಂಡು ರಕ್ತ ಬರಿಸಿಕೊಳ್ಳುತ್ತದೆ, ಮುಟ್ಟಿದರೆ ಕಿರುಚುತ್ತದೆ, ಕೊನೆಗೆ ಸುತ್ತ ಸುತ್ತ ಓಡಿ ಮಗುಚಿ ಬಿದ್ದು ಕೈಕಾಲು ಸೆಡೆತು ಫಿಟ್ಸ್ ಬರುತ್ತದೆ. ಇದು ತಲೆಯ ಕಾಯಿಲೆ ಅಲ್ಲ, ಬರೀ ತುರಿಕೆಯಿಂದ ಬರುವ ಫಿಟ್ಸ್. ಹೀಗೆ ಫಿಟ್ಸ್ ಬಂದದ್ದನ್ನು "ಅದಕ್ಕೆ ಅಪಸ್ಮಾರ ಉಂಟು" ಅಂತ ತಿಳಿದು ಪೆಟ್ಟಿಗೆಯಲ್ಲಿ ಕತ್ತಲೆ ಮಾಡಿ ಇಟ್ಟವರನ್ನು ನಾನು ಬಲ್ಲೆ. ಒಳ್ಳೆಯ ಜನ, ಪ್ರೀತಿ ಇದ್ದವರು. ಅದು ಕತ್ತಲೆಯಲ್ಲಿ ನಾಲ್ಕು ದಿನ ತುರಿಸಿಕೊಂಡು ಸತ್ತಿತು.

ಸಾಯಬೇಕಾಗಿರಲಿಲ್ಲ. ನುಸಿಗೆ ಮದ್ದಿದೆ. ಐವರ್ಮೆಕ್ಟಿನ್, ಸೆಲಾಮೆಕ್ಟಿನ್ ಅಂತ ಹೆಸರು. ಮೊಟ್ಟೆಗಳು ಮೊದಲ ಡೋಸಿಗೆ ಸಾಯುವುದಿಲ್ಲವಾದ್ದರಿಂದ ಕೆಲವು ದಿನ ಬಿಟ್ಟು ಮತ್ತೆ ಕೊಡಬೇಕು. ಒಂದೇ ಗೂಡಿನ ಎಲ್ಲವಕ್ಕೂ ಕೊಡಬೇಕು, ತುರಿಸಿಕೊಳ್ಳದೆ ಸುಮ್ಮನೆ ಕೂತಿರುವುದಕ್ಕೂ. ನಿಮ್ಮ ಮೊಣಕೈಗೆ ಸಣ್ಣ ಕೆಂಪು ಗುಳ್ಳೆ ಬಂದಿದ್ದರೆ ಹೆದರಬೇಡಿ, ಆ ನುಸಿ ನಮ್ಮ ಮೈಮೇಲೆ ಸಂಸಾರ ಮಾಡುವುದಿಲ್ಲ, ಪ್ರಾಣಿ ವಾಸಿಯಾದರೆ ಅದೂ ಹೋಗುತ್ತದೆ. ಆದರೆ ಡಾಕ್ಟರಿಗೆ ಆ ಗುಳ್ಳೆಯನ್ನೂ ತೋರಿಸಿ. ಅದೊಂದು ಸಾಕ್ಷಿ.

ಇಲ್ಲೊಂದು ಎಚ್ಚರಿಕೆ ಹೇಳದೆ ಮುಂದೆ ಹೋದರೆ ನಾನೇ ಕೊಂದ ಹಾಗಾಗುತ್ತದೆ. ನಮ್ಮ ಕಡೆ ದನ ಸಾಕುವವರ ಮನೆಯಲ್ಲಿ ಐವರ್ಮೆಕ್ಟಿನ್ ಸೀಸೆ ಇರುವುದು ಅಪರೂಪವೇನಲ್ಲ. "ಅದೇ ಮದ್ದಲ್ವಾ, ಒಂದು ಹನಿ ಹಾಕಿದ್ರೆ ಆಯ್ತು" ಎನ್ನುವವರು ಸಿಗುತ್ತಾರೆ. ಲೆಕ್ಕ ಮಾಡಿ. ದನಕ್ಕೆ ಚುಚ್ಚುವ 1 ಪರ್ಸೆಂಟ್ ಮದ್ದು 50 ಕಿಲೋ ತೂಕಕ್ಕೆ 1 ಮಿಲಿಲೀಟರ್. ಗಿನಿಪಿಗ್ ಒಂದು ಕಿಲೋ ಇದ್ದರೆ ಹೆಚ್ಚು. ದನದ ಲೆಕ್ಕವನ್ನೇ ಹಿಡಿದರೂ 0.02 ಮಿಲಿಲೀಟರ್, ಅಂದರೆ ಒಂದು ಹನಿಯ ಅರ್ಧಕ್ಕಿಂತ ಕಡಿಮೆ. ನಿಮ್ಮದು ಆರುನೂರು ಗ್ರಾಂನ ಮರಿಯಾದರೆ ಆ ಅರ್ಧವೂ ಹೆಚ್ಚು. ಕಣ್ಣಳತೆಯಲ್ಲಿ ಹಾಕುವ ವಸ್ತು ಅಲ್ಲ ಅದು. ವೈದ್ಯರು ತೂಕ ನೋಡಿ, ಎಷ್ಟು, ಎಷ್ಟು ದಿನಕ್ಕೊಮ್ಮೆ ಅಂತ ಹೇಳಬೇಕು.

ಎರಡನೆಯದು ಫಂಗಸ್. ಬೆಲ್ಟಿಗೆ ಬರುವ ಬೂಸರಿನ ಜಾತಿ ಬೇರೆ, ಚರ್ಮಕ್ಕೆ ಬರುವ ಗಜಕರ್ಣದ ಜಾತಿ ಬೇರೆ, ಆದರೆ ಎರಡಕ್ಕೂ ಪ್ರಿಯವಾದದ್ದು ನಮ್ಮ ಮಳೆಗಾಲವೇ. ಗಿನಿಪಿಗ್ಗಿನಲ್ಲಿ ಇದು ಸಾಮಾನ್ಯವಾಗಿ ಮುಖದಿಂದ ಶುರು: ಮೂಗಿನ ಮೇಲೆ, ಕಣ್ಣಿನ ಸುತ್ತ, ಕಿವಿಯ ಬುಡ. ಕೂದಲು ತುಂಡಾಗಿ ಒಂದು ಬೋಳು ಮಚ್ಚೆ, ಅದರ ಮೇಲೆ ಹೊಟ್ಟು. ಎಷ್ಟೋ ಸಲ ತುರಿಕೆಯೇ ಇರುವುದಿಲ್ಲ, ಅದಕ್ಕೇ "ಡ್ರೈ ಸ್ಕಿನ್" ಅಂತ ನಂಬಲು ಇನ್ನೂ ಸುಲಭ. ಆದರೆ ಇದು ಮನುಷ್ಯರಿಗೆ ಅಂಟುತ್ತದೆ. ಅದೂ ಪ್ರಾಣಿಯನ್ನು ಕೆನ್ನೆಗೆ ಒತ್ತಿಕೊಂಡು ಮುದ್ದಾಡುವ ಮಕ್ಕಳಿಗೆ. ದಸರಾ ರಜೆಗೆ ಅಜ್ಜನ ಮನೆಗೆ ಹೋದ ಮಗು ಕೆನ್ನೆಯಲ್ಲೊಂದು ಉಂಗುರ ಇಟ್ಟುಕೊಂಡು ಬೆಂಗಳೂರಿಗೆ ವಾಪಸ್ ಬರುತ್ತದೆ.

ಆಗ ಏನಾಗುತ್ತದೆ ಗೊತ್ತಲ್ಲ? ಮೆಡಿಕಲ್ ಶಾಪು. ಸ್ಟಿರಾಯ್ಡ್, ಆ್ಯಂಟಿಬಯಾಟಿಕ್, ಆ್ಯಂಟಿಫಂಗಲ್ ಮೂರನ್ನೂ ಒಟ್ಟಿಗೆ ಕಲಸಿದ ಟ್ಯೂಬು. ಹಚ್ಚಿದ ಎರಡೇ ದಿನಕ್ಕೆ ಕೆಂಪು ಇಳಿದು ತುರಿಕೆ ನಿಲ್ಲುತ್ತದೆ, ಯಾಕೆಂದರೆ ಸ್ಟಿರಾಯ್ಡ್ ಚರ್ಮದ ಕಾವಲುಗಾರನನ್ನೇ ಮಲಗಿಸಿರುತ್ತದೆ. ಫಂಗಸ್ ಆರಾಮಾಗಿ ಹಬ್ಬುತ್ತದೆ. ಸ್ಟಿರಾಯ್ಡ್ ಮುಲಾಮನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿದ್ದು ಸುಮ್ಮನೆ ಅಲ್ಲ. ಸಾಮಾನ್ಯ ಮದ್ದಿಗೆ ಬಗ್ಗದ ಗಜಕರ್ಣ ಈ ದೇಶದಲ್ಲಿ ಎಷ್ಟು ಹಬ್ಬಿದೆ ಎಂದರೆ ಅದರ ಫಂಗಸ್ಸಿಗೆ 2020ರಲ್ಲಿ ಇಟ್ಟ ಹೆಸರು ಟ್ರೈಕೋಫೈಟಾನ್ ಇಂಡೋಟಿನಿಯೆ. ಹೆಸರಲ್ಲೇ ಇಂಡಿಯಾ! ಅದು ಗಿನಿಪಿಗ್ಗಿನಿಂದ ಬಂದದ್ದಲ್ಲ, ಮನುಷ್ಯರಿಂದ ಮನುಷ್ಯರಿಗೆ. ಆದರೆ ಅದು ಹಬ್ಬುವುದಕ್ಕೆ ದಾರಿ ಮಾಡಿಕೊಟ್ಟದ್ದರಲ್ಲಿ ಇದೇ ಟ್ಯೂಬುಗಳೂ ಇವೆ. ಈಗ ಆ ಟ್ಯೂಬನ್ನು ಮಗುವಿಗೆ ಹಚ್ಚಿ, ಉಳಿದದ್ದನ್ನು ಪ್ರಾಣಿಗೂ ಹಚ್ಚುತ್ತಾರೆ. ಅದು ನೆಕ್ಕುತ್ತದೆ.

ಅದೇ ಕೌಂಟರಿನಲ್ಲಿ ಇನ್ನೂ ಒಂದು ಅಪಾಯ. ಕೆರೆದು ಗಾಯವಾಗಿದೆ ಎಂದರೆ ಮಕ್ಕಳ ಅಮಾಕ್ಸಿಸಿಲಿನ್ ಸಿರಪ್ ಕೊಡುವವರಿದ್ದಾರೆ. ಬಾಯಿಗೆ ಹಾಕಿದ ಪೆನಿಸಿಲಿನ್ ಜಾತಿಯ ಮದ್ದು ಗಿನಿಪಿಗ್ಗಿಗೆ ವಿಷ. ಅದರ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕೆಟ್ಟದ್ದು ತುಂಬಿ, ಕೆಲವೇ ದಿನಗಳಲ್ಲಿ ಪ್ರಾಣ ಹೋಗುತ್ತದೆ. ಪೆನಿಸಿಲಿನ್ ಗಿನಿಪಿಗ್ಗುಗಳನ್ನು ಕೊಲ್ಲುತ್ತದೆ ಎಂಬುದು 1943ರಲ್ಲೇ ವರದಿಯಾದ ವಿಷಯ. 1940ರ ಮೇ 25ರಂದು ಆಕ್ಸ್‌ಫರ್ಡ್‌ನಲ್ಲಿ ಫ್ಲೋರಿ ತಂಡ ಪೆನಿಸಿಲಿನ್ನನ್ನು ಮೊದಲು ಪರೀಕ್ಷಿಸಿದ್ದು ಎಂಟು ಇಲಿಗಳ ಮೇಲೆ. ಅವತ್ತು ಅವರ ಕೈಗೆ ಇಲಿಯ ಬದಲು ಗಿನಿಪಿಗ್ ಸಿಕ್ಕಿದ್ದರೆ "ಇದು ವಿಷ" ಅಂತ ಬರೆದು ಕಡತ ಮುಚ್ಚುತ್ತಿದ್ದರೋ ಏನೋ. "ನಮ್ಮನ್ನು ಗಿನಿಪಿಗ್ ಮಾಡಿಕೊಂಡರು" ಅಂತ ನಾವು ಗಾದೆಯ ಹಾಗೆ ಹೇಳುತ್ತಿರುತ್ತೇವೆ. ನಿಜವಾದ ಗಿನಿಪಿಗ್ಗಿನ ಮೇಲೆ ಇವತ್ತಿಗೂ ಮನೆಮನೆಯಲ್ಲಿ ಪ್ರಯೋಗ ನಡೆಯುತ್ತಲೇ ಇದೆ.

ಮೂರನೆಯದು ವಿಟಮಿನ್ ಸಿ. ಇದರಲ್ಲಿ ನಮ್ಮ ದಡ್ಡತನ ಹೊಟ್ಟೆ ಉರಿಸುವಂಥದ್ದು. ಗಿನಿಪಿಗ್ಗಿಗೆ, ನಮ್ಮ ಹಾಗೆಯೇ, ವಿಟಮಿನ್ ಸಿ ಮೈಯೊಳಗೆ ತಯಾರಾಗುವುದಿಲ್ಲ. ನಾಯಿಗೆ, ದನಕ್ಕೆ, ಮೊಲಕ್ಕೆ ಆಗುತ್ತದೆ. 1907ರಲ್ಲಿ ನಾರ್ವೆಯ ಅಕ್ಸೆಲ್ ಹೋಲ್ಸ್ಟ್, ಥಿಯೋಡರ್ ಫ್ರೋಲಿಕ್ ಎಂಬಿಬ್ಬರು ಬೇರೆ ಒಂದು ಕಾಯಿಲೆ ಹುಡುಕುತ್ತ ಗಿನಿಪಿಗ್ಗುಗಳಿಗೆ ಬರೀ ಕಾಳು, ಬ್ರೆಡ್ಡು ಹಾಕಿ ಸಾಕಿದರು. ಅವಕ್ಕೆ ಬಂದದ್ದು ಸ್ಕರ್ವಿ. ಹಡಗಿನ ನಾವಿಕರಿಗೆ ಬರುತ್ತಿತ್ತಲ್ಲ, ಅದೇ. ವಿಟಮಿನ್ ಸಿ ಎಂಬ ವಸ್ತುವಿನ ಪತ್ತೆಗೆ ದಾರಿ ತೆರೆದದ್ದು ಈ ಪ್ರಾಣಿಯೇ. ಅದು ಕಡಿಮೆಯಾದರೆ ಕೂದಲು ಒರಟಾಗುತ್ತದೆ, ಚರ್ಮದಲ್ಲಿ, ಕಿವಿಯಲ್ಲಿ ಹೊಟ್ಟು ಏಳುತ್ತದೆ, ಗಂಟು ನೋಯುತ್ತದೆ, ಕುಣಿಯುತ್ತಿದ್ದದ್ದು ಮೂಲೆ ಹಿಡಿದು ಕೂರುತ್ತದೆ, ವಸಡಿನಲ್ಲಿ ರಕ್ತ. ನಮ್ಮವರಿಗೆ ಕಾಣುವುದು ಹೊಟ್ಟು ಮಾತ್ರ.

ಪೆಟ್ ಶಾಪಿನಲ್ಲಿ ಗಿನಿಪಿಗ್ಗಿಗೆ ಅಂತ ಕೊಡುವ ಪೆಲೆಟ್ ಎಷ್ಟೋ ಸಲ ಮೊಲದ್ದು. ಮೊಲಕ್ಕೆ ವಿಟಮಿನ್ ಸಿ ಬೇಡವಾದ್ದರಿಂದ ಅದರಲ್ಲಿ ಹಾಕಿರುವುದಿಲ್ಲ. ಹಾಕಿದ ಪೆಲೆಟ್ ಸಿಕ್ಕಿದರೂ ಸೆಕೆಗೆ, ತೇವಕ್ಕೆ ವಿಟಮಿನ್ ಬೇಗ ಹಾಳಾಗುತ್ತದೆ, ನಾಲ್ಕು ತಿಂಗಳು ಅಂಗಡಿಯ ಶೆಲ್ಫಿನಲ್ಲಿದ್ದ ಚೀಲದಲ್ಲಿ ಉಳಿದಿರುವುದು ಲೇಬಲ್ ಮಾತ್ರ. ಕುಡಿಯುವ ನೀರಿಗೆ ಹಾಕುವ ಡ್ರಾಪ್ಸೂ ಅಷ್ಟೇ, ಸಂಜೆಯೊಳಗೆ ಸತ್ವ ಹೋಗಿರುತ್ತದೆ. ಈಗ ಕೇಳಿ: ಒಂದು ಗಿನಿಪಿಗ್ಗಿಗೆ ದಿನಕ್ಕೆ ಬೇಕಾದದ್ದು 10ರಿಂದ 30 ಮಿಲಿಗ್ರಾಂ. 100 ಗ್ರಾಂ ಪೇರಳೆಯಲ್ಲಿ 200 ಮಿಲಿಗ್ರಾಂ ಆಸುಪಾಸು ಇರುತ್ತದೆ. ಅಂದರೆ ದಿನಕ್ಕೆ ಒಂದು ಸಣ್ಣ ಹೋಳು. ನೆಲ್ಲಿಕಾಯಿಯಾದರೆ ಅದಕ್ಕಿಂತ ಚಿಕ್ಕದು. ಕ್ಯಾಪ್ಸಿಕಂ ಒಂದು ತುಂಡು. ಕಡಬದ ಅಂಗಳದಲ್ಲಿ ಪೇರಳೆ ಉದುರಿ ಕೊಳೆತು ನೊಣ ಮುತ್ತುತ್ತಿರುವಾಗ, ಅದೇ ಅಂಗಳಕ್ಕೆ ಬೆಂಗಳೂರಿನಿಂದ ಮಗ ಕೊರಿಯರ್‌ನಲ್ಲಿ "ಸ್ಕಿನ್ ಆ್ಯಂಡ್ ಕೋಟ್ ಸಪ್ಲಿಮೆಂಟ್" ಕಳಿಸುತ್ತಾನೆ. ಇದಕ್ಕೆ ಏನು ಹೇಳುವುದು?

ಹುಲ್ಲಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಗಲಿರುಳು ಹುಲ್ಲು ಬೇಕು ಅದಕ್ಕೆ. ಗದ್ದೆಯೆಲ್ಲ ಅಡಿಕೆ ತೋಟವಾದ ಮೇಲೆ ನಮ್ಮಲ್ಲಿ ಬೈಹುಲ್ಲೂ ಲಾರಿಯಲ್ಲಿ ಬರುವ ಸಾಮಾನು. ಮಳೆಯಲ್ಲಿ ನೆನೆದು ಬೂಸರು ಬಂದ ಬೈಹುಲ್ಲನ್ನು ಹಾಸಿಗೆಗೂ ಹಾಕಬೇಡಿ, ತಿನ್ನಲೂ ಕೊಡಬೇಡಿ. ತೋಟದ ಹಸಿ ಹುಲ್ಲು ಒಳ್ಳೆಯದು, ಆದರೆ ಕೊಳೆರೋಗಕ್ಕೆ ಬೋರ್ಡೋ ಬಿಟ್ಟ ಮರದ ಬುಡದ್ದಲ್ಲ. ಮೈಲುತುತ್ತಿನ ನೀಲಿ ಹನಿ ಬಿದ್ದ ಹುಲ್ಲು ದನಕ್ಕೇ ಒಳ್ಳೆಯದಲ್ಲ.

ಬೋರ್ಡೋ ಎಂದೆನಲ್ಲ. ನನಗೆ ಅರ್ಥವಾಗದ್ದು ಇದೇ. ಅಡಿಕೆಯ ವಿಷಯಕ್ಕೆ ಬಂದರೆ ನಮ್ಮವರಷ್ಟು ಜಾಣರು ಯಾರೂ ಇಲ್ಲ. ಸಂಪಾಜೆಯ ಕಡೆ ಒಬ್ಬ ಕೃಷಿಕರನ್ನು ನಿಲ್ಲಿಸಿ ಕೇಳಿ, ಹಳದಿ ಎಲೆ ರೋಗ ಬೇರೆ, ಎಲೆಚುಕ್ಕಿ ಬೇರೆ, ಬುಡದಲ್ಲಿ ನೀರು ನಿಂತು ಎಲೆ ಹಳದಿಯಾಗುವುದು ಬೇರೆ, ಪೊಟ್ಯಾಷ್ ಸಾಲದೆ ಆಗುವುದು ಬೇರೆ ಅಂತ ನಿಂತಲ್ಲೇ ಪಾಠ ಮಾಡುತ್ತಾರೆ. ಬೋರ್ಡೋ ಕೊಳೆಗೆ ಮದ್ದು, ಹಳದಿ ಎಲೆಗೆ ಅಲ್ಲ ಎಂದು ಅವರಿಗೆ ಗೊತ್ತು. ಅನುಮಾನ ಬಂದರೆ ಎಲೆ ಕಟ್ಟಿಕೊಂಡು ವಿಟ್ಲದ ಸಿಪಿಸಿಆರ್‌ಐಗೆ ಹೋಗುತ್ತಾರೆ. ಅಡಿಕೆ ಮರಕ್ಕೆ "ಡ್ರೈ ಲೀಫ್ ಆಗಿದೆ, ಯಾವ ಎಣ್ಣೆ ಹಾಕಲಿ" ಅಂತ ಕೇಳಿದವರನ್ನು ನಾನು ಕಂಡಿಲ್ಲ. ಅದೇ ಮನೆಯ ಜಗಲಿಯಲ್ಲಿ ಕೂತ ಪ್ರಾಣಿಗೆ ಹೆಸರೂ ಬೇಡ, ಪರೀಕ್ಷೆಯೂ ಬೇಡ, ಎಣ್ಣೆ ಸಾಕು.

"ನಮ್ಮ ಅಜ್ಜಿ ಎಲ್ಲದಕ್ಕೂ ಎಣ್ಣೆ ಅರಸಿನವೇ ಹಾಕ್ತಿದ್ರು, ಏನಾಗಿದೆ?" ಈ ವಾದ ನನಗೆ ಪ್ರತಿ ಸಲ ಎದುರಾಗುತ್ತದೆ, ಅದೂ ಹಳ್ಳಿ ಬಿಟ್ಟು ಹದಿನೈದು ವರ್ಷವಾದವರಿಂದ. ನಿಮ್ಮ ಅಜ್ಜಿಗೆ ದನ ಗೊತ್ತಿತ್ತು, ನಾಯಿ ಗೊತ್ತಿತ್ತು, ಬಾಣಂತಿ ಗೊತ್ತಿತ್ತು. ಗಿನಿಪಿಗ್ ಗೊತ್ತಿರಲಿಲ್ಲ. ಪೆರುವಿನ ಬೆಟ್ಟದಲ್ಲಿ ಸಾವಿರಾರು ವರ್ಷದಿಂದ ಸಾಕುತ್ತ ಬಂದ ಪ್ರಾಣಿ ಅದು, ತಂಪು ಒಣ ಹವೆಯದ್ದು. ಅಲ್ಲದೆ ಅಜ್ಜಿಯ ಜ್ಞಾನ ಅಂದರೆ ಕಂಡದ್ದಕ್ಕೆಲ್ಲ ಸವರುವುದಾಗಿರಲಿಲ್ಲ. ಆಟಿ ಅಮಾವಾಸ್ಯೆಗೆ ಪಾಲೆ ಮರದ ಕೆತ್ತೆ ತರುತ್ತಾರಲ್ಲ, ಕತ್ತಲಲ್ಲಿ ಹೋಗಿ ಕಲ್ಲಿನಲ್ಲಿ ಜಜ್ಜಿ? ಮರ ಯಾವುದು ಅಂತ ಗುರುತು ಇರುವವರನ್ನೇ ಕಳಿಸುತ್ತಿದ್ದರು. ಪಾಲೆ ಅಂತ ಕಾಸರ್ಕದ ಕೆತ್ತೆ ತಂದರೆ ಕಷಾಯ ಕುಡಿದವರ ಗತಿ ಏನು ಅಂತ ಪ್ರತಿ ವರ್ಷ ಎಚ್ಚರಿಸುತ್ತಲೇ ಇರುತ್ತಾರೆ. ಮೊದಲು ಗುರುತಿಸುವುದು, ಆಮೇಲೆ ಮದ್ದು. ಅಜ್ಜಿಯಿಂದ ಎಣ್ಣೆಯನ್ನು ಮಾತ್ರ ತೆಗೆದುಕೊಂಡು ಆ ಶಿಸ್ತನ್ನು ಬಿಟ್ಟುಬಂದವರು ನಾವು. ಚರ್ಮದ ಕಾಯಿಲೆಗೆ ಕುಕ್ಕೆಗೆ ಹರಕೆ ಹೊತ್ತು ಮೃತ್ತಿಕೆ ಹಚ್ಚಿಕೊಳ್ಳುವ ಊರಿನವನು ನಾನೂ. ಹರಕೆ ಹೊತ್ತವರು ಯಾರೂ ಅದನ್ನು "ಮಾಯಿಶ್ಚರೈಸರ್" ಎಂದು ಕರೆದದ್ದು ಕೇಳಿಲ್ಲ. ಕಾಯಿಲೆ ಅಂತ ಒಪ್ಪಿಕೊಂಡೇ ಹೋಗುತ್ತಾರೆ.

ಇನ್ನು ವೈದ್ಯರ ಮಾತು. ನಮ್ಮ ಮೂರು ತಾಲೂಕಿನ ಪಶು ಆಸ್ಪತ್ರೆಗಳು ದನಕ್ಕಾಗಿ ಇರುವಂಥವು. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ವಾಹನ ಬರುತ್ತದೆ, ಅದೂ ಕೊಟ್ಟಿಗೆಗೆ. ಕಡಬ ತಾಲೂಕಿನ ಕೊಯಿಲದಲ್ಲಿ ಪಶುವೈದ್ಯಕೀಯ ಕಾಲೇಜು ಎಂಬ ಸುದ್ದಿ ಕೇಳಿ ಹತ್ತು ವರ್ಷದ ಮೇಲಾಯಿತು, ಕಟ್ಟಡದ ಕೆಲಸ ಎಷ್ಟು ವರ್ಷ ಎಳೆಯಿತು ಅಂತ ಆ ದಾರಿಯಲ್ಲಿ ಹೋಗುವವರಿಗೆಲ್ಲ ಗೊತ್ತು. ಗಿನಿಪಿಗ್ ತೆಗೆದುಕೊಂಡು ಹೋದರೆ "ಇಲಿಗೂ ಮದ್ದಾ?" ಅಂತ ಕ್ಯೂನಲ್ಲಿ ನಿಂತವರು ನಗುವುದೂ ನಿಜ. ಆದರೂ ಹೋಗಿ ಎನ್ನುತ್ತೇನೆ. ದಿನಾ ಕಜ್ಜಿ ಹಿಡಿದ ನಾಯಿ, ಕರು ನೋಡುವ ವೈದ್ಯರಿಗೆ ಚರ್ಮ ಕೆರೆದು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಲು ಬರುತ್ತದೆ. ಗಿನಿಪಿಗ್ ಹೆಚ್ಚು ನೋಡಿರದಿದ್ದರೆ ಪುಸ್ತಕ ತೆಗೆದು ಡೋಸ್ ನೋಡುತ್ತಾರೆ, ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಸಹಪಾಠಿಗೆ ಫೋನ್ ಮಾಡುತ್ತಾರೆ. ಹೋಗುವ ಮೊದಲು ಯಾವ ಮುಲಾಮನ್ನೂ ಹಚ್ಚಬೇಡಿ, ಹಚ್ಚಿದ್ದರೆ ಮುಚ್ಚಿಡದೆ ಹೇಳಿ. ಕೆರೆದು ನೋಡಿದಾಗ ನುಸಿ ಕಾಣಲಿಲ್ಲ ಎಂದರೆ ನುಸಿ ಇಲ್ಲ ಎಂದಲ್ಲ, ಆಳದಲ್ಲಿರುವುದರಿಂದ ತಪ್ಪಿಹೋಗುವುದುಂಟು. ಲಕ್ಷಣ ನೋಡಿಯೇ ಮದ್ದು ಶುರು ಮಾಡಿದರೆ "ಟೆಸ್ಟ್ ನೆಗೆಟಿವ್ ಅಲ್ವಾ" ಅಂತ ವಾದಕ್ಕೆ ಇಳಿಯಬೇಡಿ.

ಸ್ನಾನವನ್ನೂ ಮಾಡಿಸಬೇಡಿ. ಗಿನಿಪಿಗ್ಗಿಗೆ ವಾರಕ್ಕೊಮ್ಮೆ ಶಾಂಪೂ ಹಾಕುವುದು ರೀಲ್ಸ್‌ನವರಿಗೆ ವ್ಯೂಸ್ ಬರಲಿ ಅಂತ. ಇದ್ದ ಎಣ್ಣೆಯಂಶವೂ ತೊಳೆದುಹೋಗುತ್ತದೆ, ನಮ್ಮ ಮಳೆಯಲ್ಲಿ ಕೂದಲು ಒಣಗದೆ ನಡುಗುತ್ತದೆ. ಡೆಟಾಲ್ ನೀರಂತೂ ಮಾತೇ ಇಲ್ಲ.

ಡ್ರೈ ಸ್ಕಿನ್ ಎಂಬುದು ಇಲ್ಲವೇ ಇಲ್ಲವೇ ಎಂದರೆ, ಇದೆ. ಬೆಂಗಳೂರಿನಲ್ಲಿ ಜನವರಿ, ಫೆಬ್ರವರಿಯಲ್ಲಿ, ಎಸಿ ರೂಮಿನಲ್ಲಿ, ಪದೇಪದೇ ಸ್ನಾನ ಮಾಡಿಸಿದ ಪ್ರಾಣಿಗೆ ಆಗಬಹುದು. ಆಗ ಲಕ್ಷಣ ಸೌಮ್ಯ: ತೆಳು ಹೊಟ್ಟು, ಕೂದಲು ಹೋಗಿರುವುದಿಲ್ಲ, ಗಾಯ ಇಲ್ಲ, ತಿನ್ನುವುದು ಕುಣಿಯುವುದು ಎಂದಿನಂತೆ. ಮದ್ದೂ ಅಷ್ಟೇ ಸರಳ, ಸ್ನಾನ ನಿಲ್ಲಿಸಿ, ಎಸಿಯಿಂದ ದೂರ ಇಡಿ, ಹಸಿ ಸೊಪ್ಪು ಹೆಚ್ಚಿಸಿ. ಹೆಣ್ಣು ಗಿನಿಪಿಗ್ಗಿನ ಎರಡೂ ಪಕ್ಕೆಯಲ್ಲಿ ಸಮನಾಗಿ ಕೂದಲು ಹೋಗಿ ಚರ್ಮ ನುಣುಪಾಗಿದ್ದರೆ ಅದು ಅಂಡಾಶಯದ ಗಡ್ಡೆ ಇರಬಹುದು. ಅದು ಬೇರೆಯೇ ಕಥೆ, ಎಣ್ಣೆಯ ಕಥೆ ಅಲ್ಲ.

ಕೊನೆಗೊಂದು ವಾದ ಉಳಿಯುತ್ತದೆ, ಯಾರೂ ಬರೆಯುವುದಿಲ್ಲ, ಫೋನಿನಲ್ಲಿ ಹೇಳುತ್ತಾರೆ: "ಡಾಕ್ಟರ್ ಫೀಸಿಗಿಂತ ಹೊಸ ಗಿನಿಪಿಗ್ ಚೀಪ್ ಅಲ್ವಾ." ಹೌದು, ಚೀಪ್. ಹೊಸದನ್ನು ಅದೇ ಗೂಡಿಗೆ ಬಿಡುತ್ತೀರಿ. ಫಂಗಸ್ಸಿನ ಬೀಜಾಣು ಆ ಗೂಡಿನಲ್ಲಿ ತಿಂಗಳುಗಟ್ಟಲೆ ಜೀವಂತ ಇರುತ್ತದೆ. ಮುಂದಿನ ಜುಲೈಗೆ ಇನ್ನೊಂದು ಫೋಟೋ. ಮತ್ತೆ ಈ ಪ್ರಾಣಿಯನ್ನು ಊರಿಗೆ ಕೇಳಿದ್ದು ಯಾರು? 2020ರ ಲಾಕ್‌ಡೌನಿನಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದವರು ಜೊತೆಗೆ ತಂದರು, ಆಫೀಸ್ ತೆರೆದಾಗ ಬಿಟ್ಟು ಹೋದರು. ಮಕ್ಕಳಿಗೆ ಬೇಜಾರಾಗುತ್ತದೆ ಅಂತ ಕೊಡಿಸಿ, ಮಕ್ಕಳಿಗೆ ಬೇಜಾರಾದ ಮೇಲೆ ಅಜ್ಜನ ಮನೆಗೆ ಸಾಗಿಸಿದವರೂ ಇದ್ದಾರೆ. ಈಗ ಅರುವತ್ತು ದಾಟಿದ ಅಮ್ಮ ದನದ ಕೆಲಸ, ಅಡುಗೆ ಕೆಲಸ ಮುಗಿಸಿ, ಮಳೆಯಲ್ಲಿ ಒಣಗದ ಹಾಸುಬಟ್ಟೆಯನ್ನು ಹಂಡೆ ಒಲೆಯ ಮೇಲೆ ಕಾಯಿಸಿ ಕಾಯಿಸಿ ಗೂಡಿಗೆ ಹಾಕುತ್ತಾರೆ. ಹೊಟ್ಟು ಕಂಡರೆ ಫೋಟೋ ತೆಗೆಯಲು ಕಲಿತಿದ್ದಾರೆ. ಮಗ ಮೀಟಿಂಗಿನ ಮಧ್ಯೆ "ಕೊಕೊನಟ್ ಆಯಿಲ್ ಹಾಕಮ್ಮಾ" ಅಂತ ಟೈಪ್ ಮಾಡುತ್ತಾನೆ.

ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಸುಬ್ರಹ್ಮಣ್ಯದ ಬಸ್ಸು ಹತ್ತುವವರು ಕಾರ್ಟಿನಲ್ಲಿರುವ ಶಾಂಪೂ ತೆಗೆದುಹಾಕಿ. ಗ್ರಾಂ ತೋರಿಸುವ ಒಂದು ಅಡುಗೆಮನೆ ತಕ್ಕಡಿ ಕೊಂಡುಹೋಗಿ. ಬೆಳಿಗ್ಗೆ ಪ್ರಾಣಿಯನ್ನು ಒಂದು ಪಾತ್ರೆಯಲ್ಲಿ ಕೂರಿಸಿ ತೂಗಿ ಬರೆದಿಡಿ, ಅಮ್ಮನಿಗೂ ತೋರಿಸಿಕೊಡಿ, ವಾರ ವಾರ ಇಳಿಯುತ್ತಿದ್ದರೆ ಹೊಟ್ಟಿಗಿಂತ ಮೊದಲು ಅದೇ ಹೇಳುತ್ತದೆ. ಒಂದಿಡೀ ದಿನ ತಿನ್ನದಿದ್ದರೆ ಸೋಮವಾರದವರೆಗೆ ಕಾಯಬೇಡಿ, ಆಗಲೇ ಮಂಗಳೂರಿಗೆ ಹೊರಡಿ. ಇಲ್ಲವಾದರೆ ಗಾಳಿ ಆಡುವ ಪೆಟ್ಟಿಗೆ, ಒಳಗೆ ಒಣ ಬಟ್ಟೆ, ಒಂದು ಮುಷ್ಟಿ ಹುಲ್ಲು, ಒಂದು ತುಂಡು ಪೇರಳೆ. ಭಾನುವಾರ ಪಶು ಆಸ್ಪತ್ರೆಯಲ್ಲಿ ಡಾಕ್ಟರು ಸಿಗುವುದು ಕಷ್ಟ. ಸೋಮವಾರಕ್ಕೆ ಲೀವ್ ಹಾಕಿಯೇ ಬಸ್ಸು ಹತ್ತಿ.